ತಿನ್ನದ ಖಂಡ

ರಕ್ತ ತೆಗೆಯುವ ಹುಡುಗಿ ಯಮನೂರಪ್ಪನ ತೋಳಿಗೆ ಮೂರು ಸಲ ಚುಚ್ಚಿದಳು. ಮೂರನೆಯ ಸಲ ನರ ಸಿಕ್ಕಿತು. ಸೀಸೆ ತುಂಬಿತು. ಅವನ ಹೆಸರಿನ ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿಟ್ಟಳು. ಖಾಲಿ ಹೊಟ್ಟೆಯಲ್ಲೇ ಬರಬೇಕೆಂದು ಏಜೆನ್ಸಿಯವರು ತಾಕೀತು ಮಾಡಿದ್ದರು. ಹನ್ನೊಂದು ಮಂದಿ ಕಾವಲುಗಾರರು ಒಂದು ಗುಟುಕು ಚಹಾ ಇಲ್ಲದೆ ಗೋವೆಯ ಪರ್ವರಿಯ ಆ ದೊಡ್ಡ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಕಾರುಗಳ ನಡುವೆ, ಸಾಲಾಗಿ ಕೂತಿದ್ದರು. ಮೇಲೆ ಗಾಳಿ ಬೆಳಕಿನ ಕ್ಲಬ್‌ಹೌಸ್ ಖಾಲಿಯೇ ಇತ್ತು. ಅದು ಫ್ಲ್ಯಾಟಿನವರಿಗೆ.

ಏಜೆನ್ಸಿಗೆ ಕಾವಲುಗಾರರ ಆರೋಗ್ಯದ ಮೇಲೆ ಇದ್ದಕ್ಕಿದ್ದಂತೆ ಮಮತೆ ಉಕ್ಕಿರಲಿಲ್ಲ. ತಿಂಗಳ ಹಿಂದೆ ಹಿಂದಿನ ಗೇಟಿನಲ್ಲಿ ಮೈಬೂಬಸಾಬ ಕುರ್ಚಿಯಲ್ಲಿ ಕೂತಲ್ಲೇ ಸತ್ತಿದ್ದ. ಎದೆ ನಿಂತಿತ್ತು. ಹನ್ನೆರಡು ತಾಸಿನ ಪಾಳಿ ಮುಗಿದು, ಬದಲಿ ಮನುಷ್ಯ ಬಾರದೆ, ಎರಡನೆಯ ಹನ್ನೆರಡು ತಾಸಿಗೆ ಅವನನ್ನೇ ಕೂರಿಸಿದ್ದರು. ಅವನ ಹೆಂಡತಿ ಹುಸೇನಬಿ ಎರಡು ದಿನ ಗೇಟಿನ ಮುಂದೆ ಕೂತಳು. ನನ್ನ ಗಂಡ ದುಡಿಯುತ್ತಾ ಸತ್ತ, ಹಾಗಂತ ಒಂದು ಕಾಗದ ಬರೆದುಕೊಡಿ ಅಂದಳು. ತಿಂದದ್ದು ಹೆಚ್ಚಾಗಿ ಸತ್ತಿದ್ದಾನೆ, ಅದಕ್ಕೆ ನಾವೇನು ಮಾಡೋಣ ಅಂದರು ಏಜೆನ್ಸಿಯವರು. ಆದರೆ ತೋರಿಸಲು ಇವರ ಕೈಯಲ್ಲೂ ಕಾಗದ ಇರಲಿಲ್ಲ. ಇನ್ನು ಮುಂದೆ ಸಾಯುವವರ ಕಾಗದವಾದರೂ ಮೊದಲೇ ತಯಾರಿರಲಿ ಎಂದು ಈ ರಕ್ತ ಪರೀಕ್ಷೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರೆ. ಇಲ್ಲಿ ಬಾಗಿಲು ಹಾಕಿದವರು ಕೊಳ್ಳೆ ಹೊಡೆದವರೇ.

ಹತ್ತಿ ಒತ್ತಿ ಹಿಡಿದುಕೊಂಡು ಯಮನೂರಪ್ಪ ಗೋಡೆಗೆ ಬೆನ್ನು ಕೊಟ್ಟು ನಿಂತ. ಬೆನ್ನ ಹಿಂದೆ ಗೋಡೆಯಿಲ್ಲದೆ ಅವನು ಎಲ್ಲೂ ನಿಲ್ಲುವವನಲ್ಲ. ಅವನೆದುರೇ ಮುತ್ತು ನೆಲಕ್ಕೆ ಬಿದ್ದ ಹತ್ತಿಯ ಚೂರುಗಳನ್ನು ಆರಿಸಿ ಚೀಲಕ್ಕೆ ಹಾಕುತ್ತಿದ್ದ. ಮುತ್ತು ಯಮನೂರಪ್ಪನ ಹೆಂಡತಿ ಚಂದವ್ವನ ಒಡಹುಟ್ಟಿದ ತಮ್ಮ. ಅದೇ ಅಪಾರ್ಟ್‌ಮೆಂಟಿನಲ್ಲಿ ಕಸ ಎತ್ತುವ ಕೆಲಸ. ಇಬ್ಬರೂ ನಾಲ್ಕು ವರ್ಷದಿಂದ ಒಂದೇ ಗೇಟಿನಲ್ಲಿ ಹಾದುಹೋಗುತ್ತಿದ್ದರೂ ಮಾತಿಲ್ಲ. ಮಾತು ನಿಂತು ಹದಿನೆಂಟು ವರ್ಷವಾಗಿತ್ತು.

ಕಸದವರು ಸಂಜೆ ಹೊರಹೋಗುವಾಗ ಅವರ ಚೀಲ, ಬುತ್ತಿ ಡಬ್ಬಿ ಬಿಚ್ಚಿಸಿ ನೋಡಬೇಕೆಂದು ಫ್ಲ್ಯಾಟಿನವರ ನಿಯಮ. ನೋಡುವ ಕೆಲಸ ಗೇಟಿನವನದು. ಹೀಗಾಗಿ ಭಾವನೇ ಹೆಂಡತಿಯ ತಮ್ಮನ ಡಬ್ಬಿ ಬಿಚ್ಚಿಸಬೇಕು. ಭಾನುವಾರ ಮುತ್ತುವಿನ ಮನೆಯಲ್ಲಿ ಖಂಡ ಬೇಯುತ್ತದೆ, ಸೋಮವಾರದ ಬುತ್ತಿಯಲ್ಲಿ ಅದೇ. ಸೋಮವಾರ ಸಂಜೆ ಮುತ್ತು ಬೇಕೆಂದೇ ಮುಚ್ಚಳ ತೆಗೆದು ಎಲುಬಿನ ಚೂರುಗಳನ್ನು ಯಮನೂರಪ್ಪನ ಮೂಗಿನ ಬುಡಕ್ಕೆ ಹಿಡಿಯುತ್ತಿದ್ದ. ಸಾಹೇಬರು ನೋಡಿಕೊಳ್ಳಲಿ ಎಂದು ಬೇರೆ ಯಾರಿಗೋ ಹೇಳುವವನ ಹಾಗೆ ನಗುತ್ತಿದ್ದ. ಯಮನೂರಪ್ಪ ಮುಖ ತಿರುಗಿಸುತ್ತಿದ್ದ. ಆ ಮುಖ ತಿರುಗಿಸುವಿಕೆಯನ್ನು ನೋಡಲಿಕ್ಕೆಂದೇ ಮುತ್ತು ವಾರವಿಡೀ ಕಾಯುತ್ತಿದ್ದ.

ಇದರ ಬೇರು ಮುತ್ತುವಿನ ಮದುವೆಯಲ್ಲಿತ್ತು. ಆಗ ಯಮನೂರಪ್ಪ ಮಿಲಿಟರಿಯಲ್ಲಿದ್ದ. ಗಡಿಯಿಂದ ರಜೆಯ ಮೇಲೆ ನೇರ ಮದುವೆ ಮನೆಗೇ ಬಂದಿಳಿದಿದ್ದ. ಮರುದಿನ ಖಂಡದ ಊಟ. ಚಂದವ್ವನ ತವರಿನಲ್ಲಿ ಒಂದು ರೂಢಿ ಇತ್ತು. ಹಿರಿಯ ಅಳಿಯ ಮೊದಲ ತುತ್ತು ಎತ್ತದೆ ಪಂಕ್ತಿಯಲ್ಲಿ ಇನ್ಯಾರೂ ಎಲೆಗೆ ಕೈ ಹಾಕುವಂತಿಲ್ಲ. ನೂರು ಜನ ಕೈ ತೊಳೆದು ಅಳಿಯನ ಕೈಯನ್ನೇ ನೋಡುತ್ತಾ ಕೂತಿದ್ದರು. ಮಾವ ತಾನೇ ಬಗ್ಗಿ ಬಡಿಸಿದ. ಯಮನೂರಪ್ಪ ತುತ್ತು ಬಾಯಿಯ ತನಕ ಒಯ್ದ. ಒಯ್ದವನು ಎಲೆಯ ಮೇಲೆಯೇ ವಾಂತಿ ಮಾಡಿಕೊಂಡ. ಎದ್ದು ಓಡಿದ. ಆ ಪಂಕ್ತಿಯಲ್ಲಿ ಯಾರೂ ಉಣ್ಣಲಿಲ್ಲ.

ಅವನಿಗೆ ದೊಡ್ಡ ಜಾತಿಯವರ ಗಾಳಿ ಸೋಕಿದೆ, ನಮ್ಮ ಅನ್ನ ಹೇಸಿಗೆಯಾಗಿದೆ ಎಂದು ಕೇರಿಯೇ ಮಾತಾಡಿತು. ಆಮೇಲೆ ಅವನು ಖಂಡ ಬಿಟ್ಟದ್ದೂ ತಿಳಿಯಿತು. ಇನ್ನೇನು ಬೇಕು? ಕೊರಳಿಗೆ ಲಿಂಗ ಯಾವಾಗ ಕಟ್ಟುತ್ತೀ ಎಂದು ಕೇಳಿದರು. ಮುತ್ತು ಅಂದಿನಿಂದ ಅಕ್ಕನ ಮನೆಯಲ್ಲಿ ನೀರು ಕೂಡ ಕುಡಿಯಲಿಲ್ಲ. ಯಮನೂರಪ್ಪ ಯಾರಿಗೂ ಏನೂ ಹೇಳಲಿಲ್ಲ. ಚಂದವ್ವನಿಗೂ ಇಷ್ಟೇ ಹೇಳಿದ್ದ, ವಾಸನೆ ಒಲ್ಲದು ಅಂತ. ಅವಳು ಒಲೆಯ ಮೇಲೆ ಖಂಡ ಇಡುವುದನ್ನೇ ಬಿಟ್ಟಳು. ಬಾಯಿ ಕೇಳಿದಾಗ ಪಕ್ಕದ ಮನೆಯಲ್ಲಿ ಉಂಡು, ಬಾಯಿ ತೊಳೆದು ಬರುತ್ತಿದ್ದಳು.

ಮಿಲಿಟರಿ ಅಂದೆನಲ್ಲ, ಅದನ್ನೂ ಬಿಡಿಸಿ ಹೇಳಬೇಕು. ಯಮನೂರಪ್ಪ ಹದಿನೇಳು ವರ್ಷ ಸಮವಸ್ತ್ರ ಹಾಕಿದ. ಬಂದೂಕು ಹಿಡಿದು ಓಡುವುದನ್ನೂ ಕಲಿತ. ಪರೇಡು ನಡೆಯುವ ತನಕ ಸಿಪಾಯಿ, ಪರೇಡು ಮುಗಿದ ಮೇಲೆ ಸಫಾಯಿವಾಲಾ. ಅವನನ್ನು ಸೇರಿಸಿಕೊಂಡದ್ದೇ ಆ ಕೆಲಸಕ್ಕೆ. ಪಾಯಖಾನೆ, ಮೋರಿ, ಸತ್ತ ಹೇಸರಗತ್ತೆ. ನವಲಗುಂದದ ಕಡೆಯ ತನ್ನ ಹಳ್ಳಿಯಲ್ಲಿ ಅವನು ಇದನ್ನು ಮುಚ್ಚಿಟ್ಟಿದ್ದ. ಬಿಡುಗಡೆಯಾಗಿ ಬಂದ ಮೇಲೆ ಪಂಚಾಯಿತಿಯ ಕಾರಕೂನ ಅವನ ಮಿಲಿಟರಿ ಬಿಡುಗಡೆ ಪುಸ್ತಕದಲ್ಲಿ ಆ ಶಬ್ದ ಓದಿದ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಮರುವಾರ ಗೌಡರ ಕೊಟ್ಟಿಗೆಯಲ್ಲಿ ಎಮ್ಮೆ ಸತ್ತಾಗ ಇವನಿಗೇ ಕರೆ ಬಂತು. ಆ ತಿಂಗಳೇ ಚಂದವ್ವನನ್ನು ಕರೆದುಕೊಂಡು ಗೋವೆಗೆ ಬಂದ. ಫೋಂಡಾದಲ್ಲಿ ಸಿಮೆಂಟು ಹೊತ್ತ, ಆಮೇಲೆ ಈ ಗೇಟು ಸಿಕ್ಕಿತು. 'ಮಾಜಿ ಸೈನಿಕ' ಎಂದು ಎದೆಯ ಮೇಲೆ ಬಿಲ್ಲೆ ಹಾಕಿದರು. ಆ ಬಿಲ್ಲೆಯನ್ನು ಅವನು ದಿನಾ ಮುಂಜಾನೆ ಒರೆಸುತ್ತಿದ್ದ.

ಶನಿವಾರ ರಕ್ತದ ವರದಿ ಬಂತು. ಅದೇ ನೆಲಮಾಳಿಗೆ, ಅದೇ ಸಾಲು. ಮೇಜಿನ ಹಿಂದೆ ಡಾಕ್ಟರ್ ಕೂತಿದ್ದರು. ಪಕ್ಕದಲ್ಲಿ ಸುಪರ್‌ವೈಸರ್ ಗಾವಸ, ಅವನ ಮುಂದೆ ಫಾರ್ಮುಗಳ ಕಟ್ಟು. ಫಾರ್ಮು ಇಂಗ್ಲಿಷಿನಲ್ಲಿತ್ತು, ಗಾವಸ ಹಿಂದಿಯಲ್ಲಿ ಅರ್ಥ ಹೇಳಿದ. ನನ್ನ ರಕ್ತದಲ್ಲಿ ಕೊಬ್ಬು ಹೆಚ್ಚಿದೆ. ನನ್ನ ಊಟ, ನನ್ನ ಕುಡಿತ ಅದಕ್ಕೆ ಕಾರಣ. ಕೆಲಸದ ಮೇಲೆ ನನಗೇನಾದರೂ ಆದರೆ ಏಜೆನ್ಸಿ ಹೊಣೆಯಲ್ಲ. ಕೆಳಗೆ ಸಹಿ. ಸಹಿ ಮಾಡಿದವನಿಗೆ ಗೇಟು ಉಳಿಯುತ್ತದೆ. ಮೂಲೆಯಲ್ಲಿ ಮುತ್ತು ಒದ್ದೆ ಬಟ್ಟೆಯಿಂದ ನೆಲ ಒರೆಸುತ್ತಿದ್ದ. ಕಸದವರ ರಕ್ತವನ್ನು ಯಾರೂ ಕೇಳಿರಲಿಲ್ಲ. ಕಸ ಗುಡಿಸುವವನ ಎದೆ ನಿಂತರೆ ಗೇಟಿನ ಮುಂದೆ ಬಂದು ಕೂರುವವರು ಯಾರು ಅಂದುಕೊಂಡಿದ್ದರೋ ಏನೋ.

ಯಮನೂರಪ್ಪನ ಸರದಿ ಮೊದಲು ಬಂತು. ಡಾಕ್ಟರ್ ಧಾರವಾಡದ ಕಡೆಯವರು. ಹೆಸರು ನೋಡಿ ಮುಖ ಅರಳಿಸಿದರು. ಯಾವ ಊರು ಅಂದರು. ಹೇಳಿದ.

"ಊರಾಗ ಯಾವ ಓಣಿ?"

"ಕೆಳಗಿನ ಓಣಿ ರೀ."

ಅಷ್ಟು ಸಾಕಾಯಿತು. ಡಾಕ್ಟರ್ ತಲೆಯಾಡಿಸಿದರು. ಏನು ಉಣ್ಣುತ್ತೀ ಎಂದು ಕೇಳುವ ಜರೂರತ್ತೇ ಬೀಳಲಿಲ್ಲ. ಮಾಂಸ ಎಂಬಲ್ಲಿ ದಿನಾ ಎಂದು ಗುರುತು ಹಾಕಿದರು. ಕುಡಿತ ಎಂಬಲ್ಲಿಯೂ ಹಾಕಿದರು. ಆಮೇಲೆ ವರದಿ ಎತ್ತಿ ತೋರಿಸಿದರು.

"ನೂರೈವತ್ತು ಇರಬೇಕಾದ್ದು ನಾಲ್ಕುನೂರಾ ಹನ್ನೆರಡು ಅದಪಾ. ಇದು ರಕ್ತ ಅಲ್ಲ, ಎಣ್ಣಿ. ಆ ಖಂಡ ತಿನ್ನೂದು ಬಿಡು. ನಿಮ್ಮ ಮಂದಿ ಬಾಯಿ ಕಟ್ಟೂದಿಲ್ಲ, ಆಮ್ಯಾಲ ನಮ್ಮ ಕಡೆ ಬರ್ತೀರಿ."

ಒಳ್ಳೆಯ ದನಿಯಲ್ಲೇ ಹೇಳಿದರು. ಬೈಗುಳವಾಗಿದ್ದರೆ ಯಮನೂರಪ್ಪ ತಡೆದುಕೊಳ್ಳುತ್ತಿದ್ದ, ಬೈಗುಳ ಅವನಿಗೆ ಹೊಸದಲ್ಲ. ಗಾವಸ ಪೆನ್ನು ಚಾಚಿದ. ಯಮನೂರಪ್ಪ ಪೆನ್ನು ತೆಗೆದುಕೊಂಡ. ಸಹಿ ಮಾಡುವ ಜಾಗಕ್ಕೆ ಅದರ ಮೂತಿ ಇಟ್ಟ.

ಅವನಿಗೆ ಇನ್ನೊಬ್ಬ ಡಾಕ್ಟರ್ ನೆನಪಾದಳು. ಎರಡು ವರ್ಷದ ಹಿಂದೆ ಮಾಜಿ ಸೈನಿಕರ ದವಾಖಾನೆಯಲ್ಲಿ ಒಬ್ಬ ಹುಡುಗಿ ಡಾಕ್ಟರ್ ಅವನನ್ನು ಅರ್ಧ ತಾಸು ಕೂರಿಸಿಕೊಂಡು ಮಾತಾಡಿಸಿದ್ದಳು. ಯುದ್ಧ ನೋಡಿ ಬಂದ ಎಷ್ಟೋ ಜನರಲ್ಲಿ ಹೀಗೇ ಕಂಡಿದ್ದೇವೆ, ನಿದ್ದೆಯಿಲ್ಲದೆ, ಹೆದರಿಕೆಯಲ್ಲೇ ವರ್ಷಗಟ್ಟಲೆ ಬದುಕಿದರೆ ರಕ್ತದ ಕೊಬ್ಬೂ ಏರಬಹುದು, ಎಲ್ಲವೂ ಊಟದಿಂದ ಬರುವುದಿಲ್ಲ ಅಂದಿದ್ದಳು. ಏನು ನೋಡಿದಿರಿ ಎಂದೂ ಕೇಳಿದ್ದಳು. ಅವನು ಹೇಳಿರಲಿಲ್ಲ. ಮುಂದಿನ ಸಲ ಹೋಗುವಷ್ಟರಲ್ಲಿ ಅವಳಿಗೆ ವರ್ಗವಾಗಿತ್ತು. ಬಂದ ಹೊಸಬರು ಪುಸ್ತಕ ತಿರುವಿ, ನೀನು ಸಫಾಯಿವಾಲಾ, ಗುಂಡು ಹಾರಿಸಿದವನಲ್ಲವಲ್ಲ, ನಿನಗೆಂಥ ಯುದ್ಧ ಅಂದಿದ್ದರು.

ಯಮನೂರಪ್ಪ ಪೆನ್ನು ಕೆಳಗಿಟ್ಟ.

"ಹದಿನೆಂಟು ವರ್ಷ ಆತ್ರಿ, ನಾ ಖಂಡ ಮುಟ್ಟಿಲ್ಲ."

ಡಾಕ್ಟರ್ ನಕ್ಕರು. ಎಲ್ಲರೂ ಹಾಗೇ ಅನ್ನುತ್ತಾರೆ ಅಂದರು.

"ಕುಡಿಯೂದು ಮೂರು ವರ್ಷ ಇತ್ತು, ಅದನ್ನ ಬರಕೋರಿ. ಅದು ಖರೇ. ಖಂಡ ಅಂತ ಬರೀಬ್ಯಾಡ್ರಿ. ಯಾಕ ಬಿಟ್ಟೆ ಅಂತ ಕೇಳ್ರಿ."

ಹಿಂದೆ ಇನ್ನೂ ಹತ್ತು ಜನ ಇದ್ದಾರೆ ಅಂದರು ಡಾಕ್ಟರ್. ಯಮನೂರಪ್ಪ ಸರಿಯಲಿಲ್ಲ. ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡ. ಹದಿನೆಂಟು ವರ್ಷ ಬಾಯೊಳಗೆ ಇಟ್ಟುಕೊಂಡದ್ದನ್ನು ಅವನು ಆ ನೆಲಮಾಳಿಗೆಯಲ್ಲಿ, ಕಾರುಗಳ ನಡುವೆ, ಗುರುತಿಲ್ಲದ ಡಾಕ್ಟರ ಮುಂದೆ ಹೊರಗೆ ಹಾಕಿದ.

"ನಮ್ಮ ಲಾರಿಗೆ ಬಾಂಬ್ ಹಾಕಿದ್ರು. ಒಂಬತ್ತು ಮಂದಿ ಇದ್ರು ಒಳಗ. ಸಫಾಯಿವಾಲಾ ಎಲ್ಲಿ ಅದಾನ ಅಂತ ಒದರಿದ್ರು. ಉಳಿದವರೆಲ್ಲಾ ದೂರ ನಿಂತ್ರು. ರೇಶನ್ ಚೀಲಾ ಕೊಟ್ಟು ನನ್ನ ಒಬ್ಬನ್ನ ಕಳಿಸಿದ್ರು. ಹಿಂದಿನ ದಿವಸದಿಂದ ಯಾರ ಹೊಟ್ಟಿಗೂ ಏನೂ ಇದ್ದಿಲ್ಲ ರೀ. ಹಸದಿದ್ದೆ. ಗುಡ್ಡದ ಏರಿ ಏರಿ ಹೊಂಟಿದ್ದೆ, ವಾಸನಿ ಬಂತು. ಬೆಂದ ಖಂಡದ ವಾಸನಿ."

ಅವನು ನಿಲ್ಲಿಸಿದ. ಉಗುಳು ನುಂಗಿದ.

"ನನ್ನ ಬಾಯಾಗ ನೀರು ಬಂತು ರೀ. ಏನು ಅನ್ನೂದು ತಿಳಿಯೂದಕ್ಕ ಮೊದಲ ಬಾಯಾಗ ನೀರು ಬಂತು. ಆಮ್ಯಾಲ ಕಂಡ್ತು. ಒಂಬತ್ತೂ ಮಂದೀನ ಈ ಕೈಲೆ ಚೀಲಕ್ಕ ತುಂಬೀನಿ. ಎಂಟು ದಿವಸ ಆದಮ್ಯಾಲ ರಜಾ ಕೊಟ್ರು. ಬಂದು ಮದುವಿ ಪಂಕ್ತಿಗೆ ಕುಂತೆ. ಈಗ ಬರೀರಿ ಅದನ್ನ."

ಗಾವಸನಿಗೆ ಕನ್ನಡ ಬಾರದು. ಏನಂತೆ, ಏನಂತೆ ಎಂದು ಹಿಂದಿಯಲ್ಲಿ ಕೇಳಿದ. ಡಾಕ್ಟರ್ ಹೇಳಲಿಲ್ಲ. ಸಾಲಿನಲ್ಲಿದ್ದ ಬಾಗಲಕೋಟೆಯ, ವಿಜಯಪುರದ ಗಂಡಸರೂ ಹೇಳಲಿಲ್ಲ. ಮೂಲೆಯಲ್ಲಿ ಮುತ್ತುವಿನ ಕೈಯ ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಡಾಕ್ಟರ್ ಫಾರ್ಮನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಅದನ್ನ ಬರೀಲಿಕ್ಕೆ ಇದರಾಗ ಜಾಗಾ ಇಲ್ಲಪಾ."

"ಹಂಗಾದ್ರ ನನ್ನ ಸಹಿಗೂ ಜಾಗಾ ಇಲ್ಲ ರೀ."

ಅವನು ಸಹಿ ಮಾಡುವುದಿಲ್ಲ ಎಂಬುದಷ್ಟು ಗಾವಸನಿಗೆ ಅರ್ಥವಾಯಿತು. ಫೈಲಿನಿಂದ ಒಂದು ಜೆರಾಕ್ಸ್ ಎಳೆದ. ಯಮನೂರಪ್ಪನ ಬಿಡುಗಡೆ ಪುಸ್ತಕದ ಹಾಳೆ. ಎಲ್ಲರಿಗೂ ಕೇಳುವ ಹಾಗೆ ಓದಿದ, ಟ್ರೇಡು, ಸಫಾಯಿವಾಲಾ. ನಾಲ್ಕು ವರ್ಷ ನಿನ್ನ ಮಾನ ಮುಚ್ಚಿದ್ದೆ ಅಂದ. ಸಹಿ ಮಾಡಿದರೆ ಗೇಟು, ಇಲ್ಲದಿದ್ದರೆ ಸೋಮವಾರದಿಂದ ನೆಲಮಾಳಿಗೆಗೆ ಇಳಿದು ಕಸ ಬೇರ್ಪಡಿಸು, ಅದು ಹೇಗೂ ನಿನ್ನ ಕೆಲಸವೇ, ಅಲ್ಲಿ ರಕ್ತವನ್ನೂ ಕೇಳುವುದಿಲ್ಲ, ಸಹಿಯನ್ನೂ ಕೇಳುವುದಿಲ್ಲ ಅಂದ.

ಯಮನೂರಪ್ಪನ ಕಿವಿ ಕಾದವು. ಯಾವ ಶಬ್ದದಿಂದ ತಪ್ಪಿಸಿಕೊಳ್ಳಲು ಊರು ಬಿಟ್ಟಿದ್ದನೋ ಅದು ಇಲ್ಲಿಯೂ ಹತ್ತು ಜನರ ಮುಂದೆ ಬಿತ್ತು. ಗೇಟೆಂದರೆ ಅವನಿಗೆ ಬರೀ ಕುರ್ಚಿಯಲ್ಲ. ಹುಟ್ಟಿದಾಗಿನಿಂದ ಕೈಗೆ ಅಂಟಿದ್ದ ಪೊರಕೆಯನ್ನು ಕೆಳಗಿಟ್ಟ ಒಂದೇ ಜಾಗ ಅದು. ಒಂದು ಗೀರು ಎಳೆದರೆ ಉಳಿಯುತ್ತಿತ್ತು. ಅವನು ಎದೆಯ ಬಿಲ್ಲೆಗೆ ಕೈ ಹಾಕಿದ. ಪಿನ್ನು ಗಟ್ಟಿಯಾಗಿತ್ತು, ಬಿಚ್ಚಲು ಸ್ವಲ್ಪ ಹೊತ್ತು ಹಿಡಿಯಿತು. ಬಿಚ್ಚಿ ಫಾರ್ಮಿನ ಮೇಲಿಟ್ಟ.

"ಕಸಾ ಹೊಡೀತೇನಿ," ಅಂದ, ಮೊದಲು ಕನ್ನಡದಲ್ಲಿ, ಆಮೇಲೆ ಗಾವಸನಿಗಾಗಿ ಹಿಂದಿಯಲ್ಲಿ. "ಸುಳ್ಳಿಗೆ ಸಹಿ ಹಾಕಂಗಿಲ್ಲ."

ಉಳಿದ ಹತ್ತೂ ಜನ ಸಹಿ ಮಾಡಿದರು. ಅವರನ್ನು ಬೈಯಲಿಕ್ಕೆ ನಾನು ಈ ಕಥೆ ಹೇಳುತ್ತಿಲ್ಲ. ಹೊಟ್ಟೆಗೆ ಹುಟ್ಟಿದವರು ಎಲ್ಲರ ಮನೆಯಲ್ಲೂ ಇರುತ್ತಾರೆ.

ಮನೆಗೆ ಹೋಗಿ ಯಮನೂರಪ್ಪ ಚಂದವ್ವನಿಗೆ ಎಲ್ಲ ಹೇಳಿದ, ಬಾಯಲ್ಲಿ ನೀರು ಬಂದದ್ದನ್ನೂ ಹೇಳಿದ. ಅವಳು ಅಪ್ಪಿಕೊಂಡು ಅಳುತ್ತಾಳೆ ಎಂದು ಅವನು ಅಂದುಕೊಂಡಿದ್ದರೆ ಹಾಗೇನೂ ಆಗಲಿಲ್ಲ. ಅವಳು ಅಕ್ಕಿಯ ಮೊರ ಕೆಳಗಿಟ್ಟಳು.

"ನಮ್ಮಪ್ಪ ಸಾಯೂ ಮುಂದ ನನ್ನ ಕೇಳಿದ. ಅಳಿಯ ನನಗ ಹೇಸಿದನೇನವಾ ಅಂತ. ನಾ ಏನೂ ಹೇಳಲಿಲ್ಲ, ನನಗ ಗೊತ್ತಿದ್ದಿಲ್ಲ. ಅಂವ ಅದನ್ನ ಹೊತಗೊಂಡು ಹ್ವಾದ."

ಅವಳು ಎದ್ದು ಅನ್ನಕ್ಕಿಟ್ಟಳು. ಭಾನುವಾರ ಅವನು ಹುಸೇನಬಿಯ ಮನೆಗೆ ಹೋದ. ಮೈಬೂಬಸಾಬ ಸತ್ತಾಗ ಎರಡನೆಯ ಪಾಳಿಯಲ್ಲಿದ್ದ, ಮೊದಲಿನ ಪಾಳಿಯಲ್ಲಿ ಅವನನ್ನು ನಾನೇ ನೋಡಿದ್ದೇನೆ, ಯಾರ ಮುಂದೆ ಬೇಕಾದರೂ ಹೇಳುತ್ತೇನೆ ಅಂದ. ಹುಸೇನಬಿ ಬಾಗಿಲಲ್ಲೇ ನಿಂತು ಕೇಳಿದಳು. ಅವತ್ತೇ ಯಾಕೆ ಬರಲಿಲ್ಲ ಎಂದು ಕೇಳಿ, ಒಳಗೆ ಕರೆದಳು.

ಸೋಮವಾರ ಮುಂಜಾನೆ ಅವನು ಕಸದವರ ನೀಲಿ ಅಂಗಿ ಹಾಕಿಕೊಂಡು ನೆಲಮಾಳಿಗೆಗೆ ಇಳಿದ. ನೂರಿಪ್ಪತ್ತು ಫ್ಲ್ಯಾಟು. ಭಾನುವಾರದ ಕಸ. ಹಸಿ ಕಸದ ಹಸಿರು ಡ್ರಮ್ಮುಗಳು ಆರು, ಒಣ ಕಸದ ನೀಲಿ ಡ್ರಮ್ಮುಗಳು ಆರು. ಕಸದವನು ಕೈ ಹಾಕಿ, ಹಸಿಯಲ್ಲಿ ಬಿದ್ದ ಪ್ಲಾಸ್ಟಿಕ್ಕನ್ನೂ ಒಣದರಲ್ಲಿ ಬಿದ್ದ ಎಂಜಲನ್ನೂ ಬೇರೆ ಮಾಡಬೇಕು. ಕೈಗವಸು ಏಜೆನ್ಸಿ ಕೊಟ್ಟದ್ದೇ, ಎರಡೂ ಹೆಬ್ಬೆರಳು ಹರಿದಿದ್ದವು. ಮುತ್ತು ಆ ತುದಿಯಲ್ಲಿ ಬೆನ್ನು ತಿರುಗಿಸಿ ಕೆಲಸದಲ್ಲಿದ್ದ. ಯಮನೂರಪ್ಪ ಮೊದಲ ಹಸಿರು ಡ್ರಮ್ಮಿನ ಮುಚ್ಚಳ ತೆಗೆದ.

ಎಲುಬು, ತೊಗಲು, ಮಸಾಲೆ ಮೆತ್ತಿದ ಖಂಡದ ಚೂರುಗಳು. ಒಂದು ರಾತ್ರಿ ಮುಚ್ಚಿಟ್ಟ ಕಾವು ಅವನ ಮುಖಕ್ಕೆ ಬಡಿಯಿತು. ಕೈ ಡ್ರಮ್ಮಿನ ಅಂಚಿನಲ್ಲೇ ನಿಂತಿತು. ಅವನ ಹೆದರಿಕೆ ವಾಂತಿಗಲ್ಲ. ಮುಂಜಾನೆ ಚಂದವ್ವ ಕೊಟ್ಟ ರೊಟ್ಟಿಯನ್ನು ತಿನ್ನಲಾಗದೆ ಬಂದಿದ್ದ, ಹೊಟ್ಟೆ ಖಾಲಿಯಿತ್ತು. ಬಾಯಲ್ಲಿ ನೀರು ಬಂದುಬಿಟ್ಟರೆ ಎಂಬ ಹೆದರಿಕೆ. ಹಲ್ಲು ಕಚ್ಚಿ, ನಾಲಿಗೆಯನ್ನು ಒಣಗಿಸಿಕೊಂಡು ನಿಂತ. ಎದೆ ಹೊಡೆದುಕೊಳ್ಳುತ್ತಿತ್ತು. ಈಗ ಇಲ್ಲಿ ಬಿದ್ದರೆ ಯಾವ ಕಾಗದವೂ ಇಲ್ಲ ಅನ್ನಿಸಿತು.

ಡ್ರಮ್ಮು ಅವನ ಕೈಕೆಳಗಿಂದ ಸರಿಯಿತು. ಮುತ್ತು ಅದನ್ನು ಕಾಲಿನಿಂದ ತನ್ನ ಕಡೆಗೆ ಜಗ್ಗಿಕೊಂಡಿದ್ದ. ಅವನು ಯಮನೂರಪ್ಪನ ಮುಖ ನೋಡಲಿಲ್ಲ.

"ಹಸೀದು ನನಗ ಬಿಡು ಭಾವ. ನೀ ಒಣಾದು ಆರಿಸು."

ಆರೂ ಹಸಿರು ಡ್ರಮ್ಮುಗಳನ್ನು ಮುತ್ತು ಒಬ್ಬನೇ ಎಳೆದುಕೊಂಡು ಆ ತುದಿಗೆ ಒಯ್ದ. ಮಧ್ಯಾಹ್ನದ ತನಕ ಯಮನೂರಪ್ಪ ಹಾಲಿನ ಪಾಕೀಟು, ಔಷಧದ ಡಬ್ಬಿ, ಒಡೆದ ಗಾಜು ಬೇರೆ ಮಾಡಿದ. ಒಂದು ಗಾಜು ಹರಿದ ಕೈಗವಸಿನೊಳಗಿಂದ ಹೆಬ್ಬೆರಳಿಗೆ ಹೊಕ್ಕಿತು. ರಕ್ತ ಬಂತು. ಅದನ್ನು ಪರೀಕ್ಷೆ ಮಾಡುವವರು ಯಾರೂ ಇರಲಿಲ್ಲ.

ಊಟದ ಹೊತ್ತಿಗೆ ಪಂಪಿನ ಕೋಣೆಯ ಪಕ್ಕದ ನಲ್ಲಿಯಲ್ಲಿ ಇಬ್ಬರೂ ಕೈ ತೊಳೆದರು. ಯಮನೂರಪ್ಪ ಬುತ್ತಿ ತಂದಿರಲಿಲ್ಲ. ಗೋಡೆಗೆ ಬೆನ್ನು ಹಚ್ಚಿ ಕೂತ. ಮುತ್ತು ಅವನ ಎದುರಿಗೆ ಬಂದು ಕೂತು ಡಬ್ಬಿ ಬಿಚ್ಚಿದ. ಸೋಮವಾರ. ಯಮನೂರಪ್ಪ ಅಭ್ಯಾಸದ ಮೇಲೆ ಮುಖ ತಿರುಗಿಸಿದ.

ವಾಸನೆ ಬರಲಿಲ್ಲ. ತಿರುಗಿ ನೋಡಿದ. ಡಬ್ಬಿಯಲ್ಲಿ ನಾಲ್ಕು ಜೋಳದ ರೊಟ್ಟಿ, ಪುಂಡಿಪಲ್ಲೆ, ಒಂದು ಉಳ್ಳಾಗಡ್ಡಿ. ಮುತ್ತು ಎರಡು ರೊಟ್ಟಿ ತೆಗೆದು ಮುಚ್ಚಳದ ಮೇಲೆ ಹಾಕಿ, ಪಲ್ಲೆ ಇಟ್ಟು, ಅವನ ಮುಂದೆ ಸರಿಸಿದ. ಆಮೇಲೆ ತನ್ನ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತ.

ಯಮನೂರಪ್ಪನಿಗೆ ಮೊದಲು ತಿಳಿಯಲಿಲ್ಲ. ಉಣ್ಣು ಎಂದು ಸನ್ನೆ ಮಾಡಿದ. ಮುತ್ತು ಅಲುಗಲಿಲ್ಲ. ಅವನ ಕಣ್ಣು ಭಾವನ ಕೈಯ ಮೇಲಿತ್ತು. ಮುಂಜಾನೆಯಿಂದ ಆರು ಡ್ರಮ್ಮು ಎತ್ತಿದವನು, ಹಸಿದಿದ್ದ. ಆದರೂ ರೊಟ್ಟಿ ಮುಟ್ಟಲಿಲ್ಲ. ಮೇಲೆ ಗಾವಸ ಯಾರನ್ನೋ ಕೂಗುತ್ತಿದ್ದ.

ಯಮನೂರಪ್ಪ ರೊಟ್ಟಿ ಮುರಿದ. ಹೆಬ್ಬೆರಳಿನ ರಕ್ತ ಒಂದಿಷ್ಟು ಅದಕ್ಕೆ ಹತ್ತಿತು. ತುತ್ತನ್ನು ಬಾಯಿಗೆ ಇಟ್ಟುಕೊಂಡು, ಅಗಿದು, ನುಂಗಿದ. ಅದು ಒಳಗೆ ಇಳಿದದ್ದನ್ನು ನೋಡಿದ ಮೇಲೆ ಮುತ್ತು ಪಂಕ್ತಿಯಲ್ಲಿ ತನ್ನ ಎಲೆಗೆ ಕೈ ಹಾಕುವವನ ಹಾಗೆ ಡಬ್ಬಿಗೆ ಕೈ ಹಾಕಿದ.